ಸೀರೆಗೆ ಜಾಗವಿಲ್ಲದ ಮೆಟಾ ಟ್ಯಾಗಿಗೆ

ಅಂಬಲಪಾಡಿ, ಉಡುಪಿ
೧೨ ಜನವರಿ ೨೦೦೩

ನಮ್ಮ ಕೈಮಗ್ಗ ಸೀರೆ ಅಭಿವೃದ್ಧಿ ಸಮಿತಿಯ ವೆಬ್‌ಸೈಟಿನ ನೆತ್ತಿಯಲ್ಲಿ ಯಾರ ಕಣ್ಣಿಗೂ ಬೀಳದೆ ವಿರಾಜಮಾನರಾಗಿರುವ ಶ್ರೀ ಕೀವರ್ಡ್ಸ್ ಮೆಟಾ ಟ್ಯಾಗ್ ಅವರಿಗೆ

ಮಾನ್ಯರೇ,

ನಲವತ್ತಾರು ಜನರ ಹೆಸರನ್ನು ತಲೆಯ ಮೇಲೆ ಹೊತ್ತು ಐದು ತಿಂಗಳಿಂದ ಒಂದೇ ಭಂಗಿಯಲ್ಲಿ ನಿಂತಿರುವ ತಮ್ಮ ಕುತ್ತಿಗೆ ಹೇಗಿದೆ ಎಂದು ಮೊದಲು ವಿಚಾರಿಸುತ್ತೇನೆ. ಟೀಚರ್ ಕೆಲಸದ ಜತೆಗೆ ಸಮಿತಿಯ ಇಂಗ್ಲಿಷ್ ಪತ್ರವ್ಯವಹಾರ ನೋಡಿಕೊಳ್ಳುವ ನಾನು ಇಷ್ಟು ದಿನ ತಮಗೊಂದು ಕಾಗದ ಬರೆಯದಿದ್ದದ್ದು ತಪ್ಪು. ನಮ್ಮಲ್ಲಿ ಇಷ್ಟು ಗೌರವದ ಸ್ಥಾನ ಬೇರೆ ಯಾರಿಗೂ ಸಿಕ್ಕಿಲ್ಲ.

ತಮ್ಮನ್ನು ಕಂಡವರು ಕಡಿಮೆಯಾದ್ದರಿಂದ, ಈ ಪತ್ರವನ್ನು ಓದಬಹುದಾದ ಇತರರಿಗೆ ತಮ್ಮ ಪರಿಚಯ ಮಾಡಿಕೊಡಲು ಅಪ್ಪಣೆಯಾಗಬೇಕು. ವೆಬ್‌ಸೈಟಿನ ಪುಟದಲ್ಲಿ ಜನ ಓದುವ ಮಾತುಗಳೆಲ್ಲ ಕೆಳಗಿರುತ್ತವೆ. ಅವುಗಳಿಗಿಂತ ಮೇಲೆ, ಜನರಿಗೆ ಕಾಣದಂತೆ, ಸರ್ಚ್ ಎಂಜಿನ್ ಎಂಬ ಹುಡುಕುವ ಯಂತ್ರಕ್ಕೆಂದೇ ಬರೆದ ಒಂದೆರಡು ಸಾಲುಗಳಿರುತ್ತವೆ. ಈ ಪುಟ ಯಾವುದರ ಬಗ್ಗೆ ಎಂದು, ಜನ ಹುಡುಕುವ ಶಬ್ದಗಳಲ್ಲೇ, ಯಂತ್ರದ ಕಿವಿಯಲ್ಲಿ ಹೇಳುವುದು ತಮ್ಮ ಕೆಲಸ. ನಮ್ಮ ಪುಟವನ್ನು ಮಾಡಿಕೊಟ್ಟ ಮಣಿಪಾಲದ ಕ್ಲಾರೆನ್ಸ್, ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲಿ ಮೂಡುವುದಿಲ್ಲವೆಂದು, ಬರಹವನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದರು. ಚಿತ್ರವನ್ನು ಓದಲು ಯಂತ್ರಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಪರವಾಗಿ ಜಗತ್ತಿನೊಡನೆ ಮಾತಾಡಲು ಇದ್ದವರು ತಾವು ಮತ್ತು ತಮ್ಮ ಪಕ್ಕದಲ್ಲಿ ನಿಂತು ಪುಟದ ವಿವರವನ್ನು ಒಂದೆರಡು ವಾಕ್ಯದಲ್ಲಿ ಹೇಳುವ ಡಿಸ್ಕ್ರಿಪ್ಷನ್ ಟ್ಯಾಗ್, ಇಬ್ಬರೇ.

ನಮ್ಮ ಸಮಿತಿಯ ಪದಾಧಿಕಾರಿಗಳು ನಲವತ್ತಾರು, ಮಗ್ಗ ಒಂದು. ಆ ಮಗ್ಗದಲ್ಲಿ ಕೂರುವವರು ಕಾರ್ಕಳದ ಹತ್ತಿರ ಕುಕ್ಕುಂದೂರಿನ ಚಂಪಕ್ಕ. ಒಂದು ಸೀರೆಗೆ ಅವರಿಗೆ ಎರಡು ದಿನ ಬೇಕು. ಅವರು ನೇಯ್ದ ಹತ್ತಿ ಸೀರೆ ಮೊದಲ ಒಗೆತದಲ್ಲಿ ಬಿಗುಮಾನ ಬಿಟ್ಟು, ಎರಡನೆಯದರಲ್ಲಿ ಮೈಗೆ ಒಗ್ಗಿ, ಹತ್ತು ವರ್ಷ ಕಳೆದರೂ ಅಂಚಿನ ಬಣ್ಣ ಬಿಡುವುದಿಲ್ಲ. ಊರಿನಲ್ಲಿ ಕೇಳುವವರು ಕಡಿಮೆಯಾಗುತ್ತ ಬಂದು, ಕಳೆದ ಆಗಸ್ಟಿನಲ್ಲಿ ಚಂಪಕ್ಕ ನನ್ನಲ್ಲಿ ಹೇಳಿದ್ದು ಇಷ್ಟೇ: "ದೀಪಾವಳಿಯವರೆಗೆ ನೋಡುತ್ತೇನೆ ಟೀಚರೇ. ಮತ್ತೆ ಬೀಜದ ಫ್ಯಾಕ್ಟರಿಗೆ ಹೋಗುವುದೇ." ಅವರ ಮನೆಯಿಂದ ಗೇರುಬೀಜದ ಕಾರ್ಖಾನೆಗೆ ಹತ್ತು ನಿಮಿಷದ ದಾರಿ. ವೆಬ್‌ಸೈಟ್ ಹುಟ್ಟಿದ್ದು ಆ ಹತ್ತು ನಿಮಿಷವನ್ನು ತಡೆಯಲಿಕ್ಕೆ.

ಒಂದು ವಾರ ಕೂತು ನಾನು ತಮಗಾಗಿ ಹನ್ನೆರಡು ಶಬ್ದಗಳನ್ನು ಆರಿಸಿ ಕೊಟ್ಟಿದ್ದೆ. ಸೀರೆ, ಹತ್ತಿ, ಕೈಮಗ್ಗ, ಉಡುಪಿ, ಹೀಗೆ ಎಲ್ಲ ಸಾಧಾರಣ ಮಾತುಗಳು, ಇಂಗ್ಲಿಷಿನಲ್ಲಿ. ಕ್ಲಾರೆನ್ಸ್ ಸಮಿತಿಯ ಸಭೆಯಲ್ಲಿ ಅವನ್ನು ಓದಿ, ಯಂತ್ರ ಎಲ್ಲಕ್ಕಿಂತ ಮೊದಲು ಓದುವುದು ಇದನ್ನೇ ಎಂದು ವಿವರಿಸಿದರು. ಆ 'ಮೊದಲು' ಎಂಬ ಮಾತು ಅವರ ಬಾಯಿಂದ ಬರಬಾರದಿತ್ತು.

ನಮ್ಮ ಅಧ್ಯಕ್ಷರಾದ ಶ್ರೀ ಶೀನ ಶೆಟ್ಟಿಗಾರರು, ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಎರಡನೆಯ ಸಾಲಿಗೆ ಇಳಿದಿದ್ದರಿಂದ ಒಮ್ಮೆ ಸಭೆಗೇ ಬಾರದಿದ್ದವರು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಮೊದಲು ಓದುವಲ್ಲಿ ಅಧ್ಯಕ್ಷರ ಹೆಸರು ಬೇಡವಾ ಕ್ಲಾರೆನ್ಸ್?"

"ಅದು ಜನರಿಗೆ ಕಾಣುವುದಿಲ್ಲ ಸರ್. ಮೆಷಿನ್ ಮಾತ್ರ ಓದುವುದು."

"ಕಾಣದಿದ್ದರೆ ಅಡ್ಡಿಯಿಲ್ಲ. ಉಂಟು ಅಂತ ನಮಗೆ ಗೊತ್ತಿದ್ದರೆ ಸಾಕು."

ಅಧ್ಯಕ್ಷರ ಹೆಸರು ಬಂದ ಮೇಲೆ ಉಪಾಧ್ಯಕ್ಷರಾದ ಕಾಪುವಿನ ಶ್ರೀ ವಿಲ್ಫ್ರೆಡ್ ಅವರದು ಬಾರದಿದ್ದರೆ ಹೇಗೆ? ಅವರದು ಬಂದ ಮೇಲೆ ಗೌರವಾಧ್ಯಕ್ಷರು, ದುಬೈ ಪ್ರತಿನಿಧಿಗಳು, ಸಲಹೆಗಾರರು, ವಿಶೇಷ ಆಹ್ವಾನಿತರು. ಒಂದೇ ಶಬ್ದವನ್ನು ಎರಡು ಮೂರು ಸಲ ಬರೆದರೆ ಯಂತ್ರ ಹೆಚ್ಚು ಗಮನಿಸಬಹುದೆಂದು ಕ್ಲಾರೆನ್ಸ್ ಇನ್ನೊಂದು ಗುಟ್ಟು ಬಿಟ್ಟರು. ಅಧ್ಯಕ್ಷರಿಗೆ ಮೂರು, ಉಪಾಧ್ಯಕ್ಷರಿಗೆ ಎರಡು ಎಂದು ತೀರ್ಮಾನವಾಯಿತು. "ನನಗೆ ಒಂದು ಕಡಿಮೆ ಯಾಕೆ, ನಾನು ಎಂತ ಸುಮ್ಮನೆ ಕೂತಿದ್ದೇನಾ?" ಎಂದು ವಿಲ್ಫ್ರೆಡ್ ಅವರು ಕೇಳಿದ್ದು ಕಾರ್ಯಕಲಾಪದಲ್ಲಿ ದಾಖಲಾಗಿಲ್ಲ.

ಇಷ್ಟಾಗುವಾಗ ಪಟ್ಟಿ ತೀರ ಉದ್ದವಾಯಿತು. ಯಂತ್ರ ಕೊನೆಯವರೆಗೆ ಓದಲಾರದು, ಎಂತಾದರೂ ತೆಗೆಯಲೇಬೇಕು ಎಂದು ಕ್ಲಾರೆನ್ಸ್ ಕೈ ಮುಗಿದರು. ಆಗ ಅಧ್ಯಕ್ಷರು ಹೇಳಿದ ಮಾತನ್ನು ಬರೆದಿಟ್ಟುಕೊಂಡಿದ್ದೇನೆ: "ನಮ್ಮದು ಸೀರೆಯ ಸಮಿತಿ ಅಂತ ಎಲ್ಲರಿಗೂ ಗೊತ್ತುಂಟಲ್ಲ ಮಾರಾಯ? ಅದನ್ನು ಬೇರೆ ಬರೆಯುವುದು ಎಂತಕ್ಕೆ? ಅದನ್ನು ತೆಗೆ." ಹೀಗೆ ಸೀರೆ ಹೋಯಿತು, ಹತ್ತಿ ಹೋಯಿತು, ಕೈಮಗ್ಗ ಹೋಯಿತು. ಕೊನೆಗೆ ಉಡುಪಿಯೂ ಹೋಗಿ ಆ ಜಾಗಕ್ಕೆ ಜತೆ ಕೋಶಾಧಿಕಾರಿ ಬಂದರು. ಡಿಸ್ಕ್ರಿಪ್ಷನ್ ಟ್ಯಾಗಿನಲ್ಲಿ ಚಂಪಕ್ಕನ ಸೀರೆಯ ಬಗ್ಗೆ ನಾನು ಬರೆದಿದ್ದ ಎರಡು ವಾಕ್ಯಗಳನ್ನು ತೆಗೆದು, ಅಧ್ಯಕ್ಷರ ದಕ್ಷ ನೇತೃತ್ವದಲ್ಲಿ ಸಮಿತಿ ಮುನ್ನಡೆಯುತ್ತಿದೆ ಎಂದು ಬರೆಯಲಾಯಿತು. ಏನನ್ನು ನಡೆಸುತ್ತಾ ಮುನ್ನಡೆಯುತ್ತಿದೆ ಎಂಬುದಕ್ಕೆ ಜಾಗ ಉಳಿದಿರಲಿಲ್ಲ.

ಪದ್ಯ ಓದುತ್ತ ಇಷ್ಟು ವರ್ಷ ಕಳೆದ ನನಗೆ, ಹೇಳದೆ ಬಿಟ್ಟ ಮಾತಿನ ಬೆಲೆ ತಿಳಿದಿದೆ ಎಂಬ ಅಹಂಕಾರವಿತ್ತು. ಸೀರೆ ಮಾರಲು ಹೊರಟವರು ಸೀರೆ ಎಂಬ ಶಬ್ದವನ್ನೇ ಹೇಳದೆ ಬಿಡುವಷ್ಟು ಎತ್ತರದ ಸೂಚ್ಯತೆಯನ್ನು ನಾನು ಯಾವ ಕವಿತೆಯಲ್ಲೂ ಕಂಡಿರಲಿಲ್ಲ. ಆ ಪಟ್ಟಿಯಲ್ಲಿ ಮೂವತ್ತೊಂದನೆಯ ಹೆಸರು ನನ್ನದು. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಚಂಪಕ್ಕ ಪದಾಧಿಕಾರಿಯಲ್ಲದ್ದರಿಂದ ಅವರ ಹೆಸರಿನ ಪ್ರಶ್ನೆ ಏಳಲಿಲ್ಲ.

ತಾವು ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದ್ದೀರಿ. ಅಧ್ಯಕ್ಷರ ಹೆಸರನ್ನು ಒತ್ತಿ ಹುಡುಕಿದರೆ ಲೋಕದಲ್ಲಿ ಮೊದಲು ಬರುವುದು ನಮ್ಮದೇ ಪುಟ. ಅವರು ಮಣಿಪಾಲದ ಸೈಬರ್ ಕೆಫೆಗೆ ವಾರಕ್ಕೆ ಎರಡು ಸಲ ಹೋಗಿ ಇದನ್ನು ಖಚಿತಪಡಿಸಿಕೊಳ್ಳುತ್ತಾರೆ. ನಮ್ಮ ಪುಟಕ್ಕೆ ಬಂದವರ ಲೆಕ್ಕ ಏರುತ್ತಿರುವುದಕ್ಕೆ ಬೇರೆ ಕಾರಣ ನನಗೆ ತೋರುವುದಿಲ್ಲ.

ಕ್ರಿಸ್‌ಮಸ್ಸಿಗೆ ಟೊರಾಂಟೊದಿಂದ ಕಲ್ಯಾಣಪುರದ ತವರಿಗೆ ಬಂದ ಐರಿನ್, ನನ್ನ ಕಾಲೇಜು ಗೆಳತಿ, ನಾನು ಉಟ್ಟಿದ್ದ ಸೀರೆಯ ಸೆರಗನ್ನು ಹಿಡಿದು ನೋಡಿದಳು. "ಇದು ಎಲ್ಲಿಂದ ಮಾರಾಯ್ತಿ? ನಮ್ಮ ಕಡೆಯ ಹೆಂಗಸರ ಹಾಡಿನ ತಂಡಕ್ಕೆ ಮೂವತ್ತು ಬೇಕಿತ್ತು. ಸೆಪ್ಟೆಂಬರಿನಲ್ಲಿ ಒಂದು ವಾರ ಹುಡುಕಿದೆ. ಉಡುಪಿ ಸೀರೆ ಅಂತ ಹಾಕಿದರೆ ಬರೀ ಹೋಟೆಲು ಬರುತ್ತದೆ, ಅಲ್ವಾ. ಮತ್ತೆ ಎಲ್ಲಿಯದೋ ಮಿಲ್ಲಿನದು ತೆಗೆದುಕೊಂಡೆವು." ಮೂವತ್ತು ಸೀರೆ ಎಂದರೆ ಚಂಪಕ್ಕನಿಗೆ ಎರಡು ತಿಂಗಳ ಕೆಲಸ. ದೀಪಾವಳಿಯನ್ನು ದಾಟಿಸಲು ಅಷ್ಟು ಸಾಕಿತ್ತು.

ದೀಪಾವಳಿ ಕಳೆದ ಸೋಮವಾರದಿಂದ ಚಂಪಕ್ಕ ಗೇರುಬೀಜ ಒಡೆಯುತ್ತಿದ್ದಾರೆ. ಸಿಪ್ಪೆಯ ಎಣ್ಣೆಗೆ ಬೆರಳುಗಳು ಕಪ್ಪಾಗಿ ಚರ್ಮ ಸುಲಿದಿದೆ. ಐರಿನ್ ಕೊಂಡುಹೋಗಲೆಂದು ಒಂದಾದರೂ ಸೀರೆ ನೇಯ್ದು ಕೊಡಬಹುದೇ ಎಂದು ಕೇಳಿದಾಗ ಅವರು ಎರಡೂ ಕೈಯನ್ನು ತಿರುಗಿಸಿ ತೋರಿಸಿದರು. "ಬಿಳಿ ನೂಲು ಮುಟ್ಟುವ ಹಾಗಿಲ್ಲ ಟೀಚರೇ. ಮುಟ್ಟಿದಲ್ಲಿ ಕಲೆ."

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಜಗತ್ತಿನಲ್ಲಿ ಹತ್ತಿ ಸೀರೆ ಬೇಕಾದವರೆಲ್ಲರೂ ಇನ್ನು ಮುಂದೆ ಸೀರೆ ಎಂದು ಹುಡುಕದೆ ಶೀನ ಶೆಟ್ಟಿಗಾರ್ ಎಂದೇ ಹುಡುಕತಕ್ಕದ್ದು ಎಂದು ಸರ್ಚ್ ಎಂಜಿನ್ನುಗಳಿಗೆ ಆಜ್ಞೆ ಹೊರಡಿಸಬೇಕು, ಮತ್ತು ಟೊರಾಂಟೊದ ಹೆಂಗಸರಿಗೆ ಹೆಸರನ್ನು ಮೂರು ಸಲ ಬರೆಯುವ ಅಭ್ಯಾಸ ಮಾಡಿಸಬೇಕು. ನಮ್ಮ ವಾರ್ಷಿಕ ಸಭೆಯ ದಿನ ಅರ್ಧ ಗಂಟೆಯ ಮಟ್ಟಿಗಾದರೂ ತಾವು ಅದೃಶ್ಯತೆಯನ್ನು ಬಿಟ್ಟು ವೇದಿಕೆಯ ಹಿಂದೆ ಬಟ್ಟೆಯ ಬ್ಯಾನರಾಗಿ ಕಾಣಿಸಿಕೊಂಡರೆ, ತಮಗೆ ಶಾಲು ಹೊದೆಸಲು ಸಮಿತಿ ಸಿದ್ಧವಿದೆ. ಇವೆಲ್ಲ ಕಷ್ಟವಾದರೆ ಆ ನಲವತ್ತಾರರಲ್ಲಿ ಒಂದನ್ನು, ಬೇಕಿದ್ದರೆ ಮೂವತ್ತೊಂದನೆಯದನ್ನು, ಅಳಿಸಿ ಅಲ್ಲಿ ಸೀರೆ ಎಂದು ಬರೆದುಕೊಳ್ಳಿ. ಇದನ್ನು ಕ್ಲಾರೆನ್ಸ್ ಐದು ನಿಮಿಷದಲ್ಲಿ ಮಾಡಬಲ್ಲರು, ಆದರೆ ಠರಾವು ಆಗಬೇಕಂತೆ. ಠರಾವಿಗೆ ಸಭೆ ಬೇಕು, ಸಭೆಗೆ ಆಮಂತ್ರಣ ಪತ್ರಿಕೆ ಬೇಕು, ಪತ್ರಿಕೆಯಲ್ಲಿ ಹೆಸರುಗಳ ಕ್ರಮ ಇನ್ನೂ ತೀರ್ಮಾನವಾಗಿಲ್ಲ.

ತಮ್ಮ ಅದೃಶ್ಯ ಸಾನ್ನಿಧ್ಯದಲ್ಲಿ ಅಚಲ ನಂಬಿಕೆಯುಳ್ಳ,
ತಮ್ಮ ವಿಶ್ವಾಸಿ
ವಾರಿಜಾ

ತಾ.ಕ.: ಸಮಿತಿಯ ಮಗ್ಗ ಖಾಲಿಯಿರುವುದನ್ನು ಕೇಳಿ ಮಣಿಪಾಲದ ಹೊಸ ಹೋಟೆಲೊಂದು ಅದನ್ನು ತನ್ನ ಮುಂಭಾಗದಲ್ಲಿ ಅಲಂಕಾರಕ್ಕೆ ಇಡಲು ಕೇಳಿದೆ, ಅಧ್ಯಕ್ಷರು ಒಪ್ಪಿದ್ದಾರೆ. ಚಂಪಕ್ಕ ದಿನಾ ಸಂಜೆ ಬಂದು ಎರಡು ಗಂಟೆ ಹೊತ್ತು ಕೂತರೆ ಸಾಕು, ನೇಯಬೇಕಾಗಿಲ್ಲ, ನೇಯುವ ಹಾಗೆ ಕಂಡರೆ ಆಯಿತು ಎಂದು ತಿಳಿಸಲು ನನ್ನನ್ನು ಕುಕ್ಕುಂದೂರಿಗೆ ಕಳುಹಿಸಿದ್ದರು. ಚಂಪಕ್ಕ ಪೂರ್ತಿ ಕೇಳಿ, "ನೂಲು ಹಾಕುತ್ತಾರಾ?" ಎಂದರು. ಇಲ್ಲ ಎಂದೆ. "ಹಾಗಾದರೆ ಫ್ಯಾಕ್ಟರಿಯೇ ಲಾಯ್ಕ ಟೀಚರೇ. ಅಲ್ಲಿ ಒಡೆಯಲಿಕ್ಕೆ ಬೀಜವಾದರೂ ಉಂಟು."