ಒಬ್ಬ ಆದಾಯವಂತ ಬೇಕಾಗಿದ್ದಾನೆ

ಎಲ್ಲ ಆಗಿದ್ದು ಒಂದು ಪ್ರಶ್ನೆಯಿಂದ. ಆ ಪ್ರಶ್ನೆಯನ್ನು ಚಲುವರಾಜು ಜುಲೈ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ, ವಠಾರದ ನಲ್ಲಿಯ ಹತ್ತಿರ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೇಳಿಬಿಟ್ಟಿದ್ದ.

"ಸಾಕಮ್ಮಕ್ಕ, ನಂಜಣ್ಣೋರಿಗೆ ವರ್ಸಕ್ಕೆ ಎಲ್ಲ ಸೇರಿ ಆದಾಯ ಎಷ್ಟು ಬತ್ತದೆ?"

ಗಂಡನ ಆದಾಯದ ಪ್ರಶ್ನೆ ಕೇಳಿ ನಿಂತ ಸಾಕಮ್ಮನ ಬಿಂದಿಗೆ ತುಂಬಿ ಹರಿಯಿತು. ಹುಣಸೂರಿನಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಕೇಳಬಹುದು. ಮಗಳಿಗೆ ಯಾಕಿನ್ನೂ ಗಂಡು ಸಿಕ್ಕಿಲ್ಲ ಎಂದೂ ಕೇಳಬಹುದು. ಆದಾಯ ಎಷ್ಟು ಎಂದು ಮಾತ್ರ ಕೇಳುವ ಹಾಗಿಲ್ಲ.

"ಯಾಕಪ್ಪಾ?" ಎಂದಳು ಆಕೆ.

"ಇನ್‌ಕಂ ಟ್ಯಾಕ್ಸಿಗೆ ಬರೆಯೋದಿತ್ತು ಕಣಕ್ಕ. ಓಗ್ಲಿ, ಈ ಬೀದೀಲಿ ಚೆನ್ನಾಗಿ ಸಂಪಾದ್ನೆ ಇರೋರು ಯಾರ್ಯಾರವ್ರೆ? ಫೋನು ಗೀನು ಆಕ್ಸಿರೋರು, ಮನೆ ಕಟ್ಸಿರೋರು?"

ಸಾಕಮ್ಮ ಅರ್ಧ ಬಿಂದಿಗೆ ನೀರನ್ನು ಅಲ್ಲೇ ಚೆಲ್ಲಿ ಒಳಗೆ ಓಡಿದಳು.

ಪಾಪ, ಚಲುವರಾಜುವಿನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಬಜಾರಿನ ಒಂದು ಖಾಸಗಿ ಫೈನಾನ್ಸಿನಲ್ಲಿ ವಸೂಲಿ ಗುಮಾಸ್ತ. ಬೆಳಗ್ಗೆಯಿಂದ ಸಂಜೆಯವರೆಗೆ ಮೊಪೆಡ್ಡಿನಲ್ಲಿ ಹುಣಸೂರು, ಹನಗೋಡು, ಬೆಟ್ಟದಪುರ ಸುತ್ತಿ ಕಂತು ವಸೂಲಿ ಮಾಡುವುದು ಅವನ ಕೆಲಸ. ಹತ್ತು ವರ್ಷದಿಂದ ಅವನು ಅತಿ ಹೆಚ್ಚು ಸಲ ಕೇಳಿದ ಮಾತೆಂದರೆ "ಅವರು ಮನೇಲಿಲ್ಲ." ಕೆಲವು ಸಲ ಆ ಮಾತನ್ನು ಮನೆಯ ಯಜಮಾನನೇ ಒಳಗಿನಿಂದ ಕೂಗಿ ಹೇಳುತ್ತಿದ್ದ. ಮೊಪೆಡ್ಡಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಜಗುಲಿಯ ಮೇಲೆ ಹರಟುತ್ತಿದ್ದವರು ಎದ್ದು ಒಳಗೆ ಹೋಗುತ್ತಿದ್ದರು. ಕಂತು ಬಾಕಿ ಇಲ್ಲದವರೂ ಹೋಗುತ್ತಿದ್ದರು. ಹೋಗುವುದು ಒಂದು ರೂಢಿಯಾಗಿಬಿಟ್ಟಿತ್ತು.

ಹೀಗಾಗಿ ವಯಸ್ಸು ಮೂವತ್ತೈದಾದರೂ ಅವನಿಗೆ ಒಬ್ಬ ಸ್ನೇಹಿತನಿರಲಿಲ್ಲ. ತಂದೆತಾಯಿ ತೀರಿಕೊಂಡಿದ್ದರು. ಫೈನಾನ್ಸಿನವನಿಗೆ ಹೆಣ್ಣು ಕೊಟ್ಟರೆ ಹಬ್ಬಕ್ಕೆ ಅಳಿಯನನ್ನು ಕರೆಯುವುದು ಹೇಗೆ ಎಂದು ಹೆಣ್ಣಿನ ಕಡೆಯವರು ಹಿಂಜರಿಯುತ್ತಿದ್ದರು. ಸಂಜೆ ಹೋಟೆಲಿನಲ್ಲಿ ಉಂಡು ರೂಮಿಗೆ ಬಂದರೆ ಜೊತೆಗೆ ಇದ್ದದ್ದು ಒಂದು ರೇಡಿಯೋ. ಅದು ತನ್ನ ಮಾತು ತಾನು ಆಡುತ್ತಿತ್ತೇ ಹೊರತು ಇವನ ಮಾತು ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಬಹಳ ಬೇಜಾರಾಗುತ್ತಿತ್ತು. ಬೇಜಾರು ಕಳೆಯಲೆಂದೇ ಅಂಚೆ ಮೂಲಕ ಬಿ.ಕಾಂ. ಮಾಡಿದ. ಆಮೇಲೂ ಬೇಜಾರು ಉಳಿದಿತ್ತು, ಆದಾಯ ತೆರಿಗೆಯ ದಪ್ಪ ಪುಸ್ತಕ ತಂದು ಅದನ್ನೂ ಓದಿ ಮುಗಿಸಿದ.

ಅಷ್ಟರಲ್ಲಿ ಅವನ ಕಣ್ಣು ಗೋವಿಂದಯ್ಯನವರ ಆಫೀಸಿನ ಮೇಲೆ ಬಿತ್ತು. ಬಜಾರಿನ ಸೈಕಲ್ ಶಾಪಿನ ಮೇಲ್ಮಹಡಿಯಲ್ಲಿ ಗೋವಿಂದಯ್ಯ ಊರವರ ತೆರಿಗೆ ಲೆಕ್ಕ ಬರೆದುಕೊಡುತ್ತಿದ್ದರು. ಜನ ಅವರನ್ನು ಆಡಿಟರ್ ಎನ್ನುತ್ತಿದ್ದರು, ಅವರೂ ಬೇಡವೆನ್ನುತ್ತಿರಲಿಲ್ಲ. ಅಲ್ಲಿಗೆ ಜನ ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಂದು ಸಂದೇಹ ಕೇಳಲು ಬಂದವರು ಟೀ ಕುಡಿದು, ಸೊಸೆಯ ವಿಚಾರ, ಸೊಂಟನೋವಿನ ವಿಚಾರ ಎಲ್ಲ ಹೇಳಿ, ಗಂಟೆಗಟ್ಟಲೆ ಕೂತು ಹೋಗುತ್ತಿದ್ದರು. ಜನರೇ ಬಾಗಿಲು ತಟ್ಟಿಕೊಂಡು ಬರುವಂಥ ಕೆಲಸ! ಜಗತ್ತಿನಲ್ಲಿ ಅಂಥದೊಂದು ಇದೆ ಎಂಬುದೇ ಚಲುವರಾಜುವಿಗೆ ಆಶ್ಚರ್ಯವಾಗಿತ್ತು. ಗೋವಿಂದಯ್ಯನವರ ಪಕ್ಕದಲ್ಲಿ ಒಂದು ಖಾಲಿ ಕುರ್ಚಿಯೂ ಇತ್ತು.

"ಫೈನಾನ್ಸ್ ಕೆಲ್ಸ ಬಿಡಾಕಾಗಲ್ಲ ಸಾರ್. ದಿನಾ ಸಾಯಂಕಾಲ ಬಂದು ನಿಮ್ಮ ಜೊತೇಲಿ ಕೂತು ಪ್ರಾಕ್ಟೀಸ್ ಕಲೀತೀನಿ. ಸಂಬಳ ಬ್ಯಾಡಿ," ಎಂದು ಕೇಳಿಕೊಂಡಿದ್ದ.

"ಪುಸ್ತಕ ಓದ್ದೋರು ಬೇಕಾದಷ್ಟು ಜನ ಅವ್ರೆ ಕಣಯ್ಯ," ಎಂದಿದ್ದರು ಗೋವಿಂದಯ್ಯ. "ಪುಸ್ತಕ ಓದಿ ಈಜು ಬತ್ತದಾ? ತೆರಿಗೆ ಬೀಳೋವಷ್ಟು ಆದಾಯ ಇರೋ ಒಬ್ಬ ಆಸಾಮೀನ ಕರ್ಕೊಂಡು ಬಾ. ನನ್ನ ಮುಂದೆ ಕೂರ್ಸಿ, ಅವನತ್ರ ಬಾಯಿ ಬಿಡ್ಸಿ, ರಿಟರ್ನು ಬರಿ. ಬರ್ದ್ರೆ ಆ ಕುರ್ಚಿ ನಿಂದು. ಸೋಮವಾರ ಲಾಸ್ಟ್ ಡೇಟು, ಬೆಳಗ್ಗೇನೇ ಕಟ್ಟು ತಗೊಂಡು ಮೈಸೂರಿಗೆ ಓಯ್ತೀನಿ. ಭಾನುವಾರ ಸಾಯಂಕಾಲದೊಳಗೆ ಬಾ."

ಒಬ್ಬ ಆದಾಯವಂತ. ಅಷ್ಟೇ ಬೇಕಾಗಿದ್ದುದು. ಅದಕ್ಕೇ ನಲ್ಲಿಯ ಹತ್ತಿರದ ಆ ಪ್ರಶ್ನೆ.

ಇತ್ತ ಸಾಕಮ್ಮ ಗಂಡ ನಂಜಣ್ಣನನ್ನು ಹಾಸಿಗೆಯಿಂದ ಎಬ್ಬಿಸಿ ವಿಷಯ ಹೇಳಿದಳು. ನಂಜಣ್ಣ ನಿವೃತ್ತ ಮೀಟರ್ ರೀಡರ್. ಮೂವತ್ತು ವರ್ಷ ಕಂಡವರ ಮನೆಯ ಗೋಡೆ ಇಣುಕಿ ನೋಡಿದ್ದ ಮನುಷ್ಯನಿಗೆ ಈಗ ಇಣುಕಲು ಏನೂ ಇರಲಿಲ್ಲ.

"ನಂಗೆ ಮೊದ್ಲೇ ಡೌಟಿತ್ತು ಕಣೆ," ಎಂದ. "ಯಾರ ಜೊತೇಲೂ ಸೇರಲ್ಲ, ಒಬ್ಬನೇ ಬತ್ತಾನೆ, ಒಬ್ಬನೇ ಓಯ್ತಾನೆ. ಒಂದು ನೆಂಟ ಇಲ್ಲ, ಇಷ್ಟ ಇಲ್ಲ. ಅಂಗೆ ಯಾರಾದ್ರೂ ಬದುಕ್ತಾರಾ? ಫೈನಾನ್ಸು ಅನ್ನೋದೆಲ್ಲ ನಾಟಕ. ಅವನು ಇನ್‌ಕಂ ಟ್ಯಾಕ್ಸ್ ಆಫೀಸರ್ರು. ಮಫ್ತೀಲವ್ನೆ!"

ಅಂಗಿ ತೊಟ್ಟುಕೊಂಡು ನಂಜಣ್ಣ ಹೊರಗೆ ಹೋದ. ಅವನು ಒಂದು ಬೀದಿ ದಾಟುವಷ್ಟರಲ್ಲಿ ಸುದ್ದಿ ನಾಲ್ಕು ಬೀದಿ ದಾಟಿತ್ತು. ಮೈಸೂರಿನಲ್ಲಿ ಫೋನಿದ್ದವರೆಲ್ಲ ಲೆಕ್ಕ ಕೊಡಬೇಕಂತೆ, ಇಲ್ಲಿಗೂ ಬಂತಂತೆ ಎಂಬ ಬಾಲವೂ ಅದಕ್ಕೆ ಅಂಟಿಕೊಂಡಿತು.

ಚಲುವರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲು ಹೋಗಿದ್ದು ಸಿಮೆಂಟು ಕಬ್ಬಿಣದ ಅಂಗಡಿಯ ಅಣ್ಣಯ್ಯನ ಹೊಸ ಮನೆಗೆ. ಬಾಗಿಲು ತಟ್ಟಲು ಕೈ ಎತ್ತಿದ್ದನಷ್ಟೆ, ಬಾಗಿಲು ತಾನಾಗಿ ತೆರೆಯಿತು. ಹತ್ತು ವರ್ಷದಲ್ಲಿ ಹೀಗಾಗಿರಲಿಲ್ಲ.

"ಬನ್ನಿ ಸಾರ್, ಬನ್ನಿ! ಬಡವನ ಮನೆ," ಎಂದ ಅಣ್ಣಯ್ಯ. ಮೈಮೇಲೆ ತೂತು ತೂತು ಬನಿಯನ್ನು. ಮೊಸಾಯಿಕ್ ನೆಲದ ಮೇಲೆ ಹರಕು ಚಾಪೆ ಹಾಸಿತ್ತು. ಸೋಫಾ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು. ಹೆಂಡತಿ ಲೋಟದ ತುಂಬ ಕಾಫಿ ತಂದಳು, ನೊರೆ ಹಾಲಿನ ಕಾಫಿ.

"ನಿಮ್ಮ ಆದಾಯ..." ಎಂದು ಚಲುವರಾಜು ಶುರುಮಾಡಿದ.

"ಎಲ್ಲಿ ಆದಾಯ ಸಾರ್? ಅಂಗಡೀಲಿ ನೊಣ ಒಡೀತಾ ಕೂತಿವ್ನಿ. ನೊಣಾನೂ ಈಗೀಗ ಬತ್ತಾ ಇಲ್ಲ."

ಅಷ್ಟರಲ್ಲಿ ಮೂಲೆಯಲ್ಲಿ ಕವುಚಿಟ್ಟಿದ್ದ ಮಕ್ಕರಿಯ ಕೆಳಗಿನಿಂದ ಟ್ರಿಣ್ ಟ್ರಿಣ್ ಎಂಬ ಸದ್ದು ಬಂತು.

"ಏನದು?"

"ಕೋಳಿ ಸಾರ್."

"ಕೋಳಿ ಇಂಗೆ ಕೂಗ್ತದಾ?"

"ಫಾರಂ ಕೋಳಿ," ಎಂದ ಅಣ್ಣಯ್ಯ, ಹಣೆ ಒರೆಸಿಕೊಳ್ಳುತ್ತ. ಕೊನೆಗೆ ಅವನ ಹೆಂಡತಿ ಮಕ್ಕರಿಯ ಮೇಲೆ ಸೀರೆ ಹರಡಿ ಕೂತಳು. ಸದ್ದು ಆಕೆಯ ಕೆಳಗೆ ಇನ್ನೂ ಸ್ವಲ್ಪ ಹೊತ್ತು ಗೊಣಗಿ ನಿಂತಿತು.

ಆಮೇಲೆ ಚಲುವರಾಜು ಲಾರಿ ಇಟ್ಟುಕೊಂಡಿದ್ದ ಸಿದ್ದಯ್ಯನ ಮನೆಗೆ ಹೋದ. ಹಿತ್ತಿಲಲ್ಲಿ ಎರಡು ಹುಲ್ಲಿನ ಮೆದೆ ಹೊಸದಾಗಿ ಎದ್ದಿದ್ದವು. ಆ ಮೆದೆಗಳಿಗೆ ಚಕ್ರಗಳಿದ್ದವು.

"ಲಾರಿ ಎಲ್ಲ ಮಾರ್ಬುಟ್ಟೆ ಸಾರ್," ಎಂದ ಸಿದ್ದಯ್ಯ, ಮೆದೆಯ ಕಡೆ ಬೆನ್ನು ತಿರುಗಿಸಿ ನಿಂತು. "ಈಗ ಕೂಲಿನಾಲಿ. ಊಟದೊತ್ತಾಯ್ತು, ಒಂದು ತುತ್ತು ಉಂಡ್ಕೊಂಡೇ ಓಗ್ಬೇಕು."

ಭಾನುವಾರ. ಮುದ್ದೆ, ನಾಟಿಕೋಳಿ ಸಾರು. ಸಿದ್ದಯ್ಯನ ತಾಯಿ ಕೆಂಪಾಜಮ್ಮ ಪಕ್ಕದಲ್ಲೇ ಕೂತು ಬಡಿಸಿದಳು.

"ಉಣ್ಣಪ್ಪ, ಎಂಗೆ ಒಣಗೋಗಿದ್ದೀಯ! ಮನೇಲಿ ಬೇಯ್ಸಾಕೋರು ಯಾರಿದ್ದಾರು?"

ಹಾಗೆ ಅವನನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಈ ಮುದುಕಿಗಾದರೂ ಮೋಸ ಮಾಡಬಾರದು ಎನ್ನಿಸಿತು. ಏಕೆಂದರೆ ಅಣ್ಣಯ್ಯನ ಮನೆಯ 'ಸಾರ್, ಸಾರ್' ಕೇಳಿದಾಗಲೇ ಊರು ತನ್ನನ್ನು ಏನೆಂದು ತಿಳಿದಿದೆ ಎಂದು ಅವನಿಗೆ ಹೊಳೆದಿತ್ತು.

"ಅಜ್ಜಿ, ನಾನು ಆಫೀಸರ್ ಅಲ್ಲ ಕಣಜ್ಜಿ."

ಸಿದ್ದಯ್ಯ ಜೋರಾಗಿ ನಕ್ಕ. "ಆಫೀಸರ್ ಅಂತ ಯೋಳ್ಕೊಂಡು ತಿರ್ಗೋರು ಆಫೀಸರ್ರಾ ಸಾರ್? ಯೋಳ್ದೆ ಇರೋದೇ ನಿಮ್ಮ ರೂಲ್ಸಲ್ವಾ? ಅವ್ವ, ಇನ್ನೊಂದು ಮುದ್ದೆ ಇಕ್ಕು."

ಸತ್ಯ ಹೇಳಿಯಾಯಿತು, ನಂಬದಿದ್ದರೆ ತಾನೇನು ಮಾಡಲಿ ಎಂದುಕೊಂಡು ಚಲುವರಾಜು ಎರಡನೆಯ ಮುದ್ದೆಗೆ ಕೈ ಹಾಕಿದ. ಆಮೇಲೆ ಅವನು ಸತ್ಯ ಹೇಳುವ ತಂಟೆಗೆ ಹೋಗಲಿಲ್ಲ.

ಆ ಮಧ್ಯಾಹ್ನವೆಲ್ಲ ಬೀದಿ ಬೀದಿಗಳಲ್ಲಿ ಬಾಗಿಲುಗಳು ತೆರೆದವು. ಒಂದು ಕಡೆ ಒಬ್ಬಟ್ಟು, ಇನ್ನೊಂದು ಕಡೆ ಎಳನೀರು. ಒಬ್ಬರು ಅವನನ್ನು ಮಂಚದ ಮೇಲೆ ಕೂರಿಸಿ ಬೀಸಣಿಗೆ ಬೀಸಿದರು. ಎಲ್ಲರೂ ಬಾಯಿ ತುಂಬ ಮಾತಾಡಿದರು, ಎದ್ದು ಹೊರಟರೆ ಕೈ ಹಿಡಿದು ಕೂರಿಸಿಕೊಂಡರು. ಆದರೆ ಆದಾಯವಿದ್ದವನು ಒಬ್ಬನೂ ಇರಲಿಲ್ಲ. ಬೆಳಗ್ಗೆ ಅನುಕೂಲಸ್ಥರ ಊರಾಗಿದ್ದ ಹುಣಸೂರು ಮಧ್ಯಾಹ್ನದ ಹೊತ್ತಿಗೆ ಗಂಜಿಗೂ ಗತಿಯಿಲ್ಲದ ಊರಾಗಿತ್ತು. ಚಲುವರಾಜುವಿಗೆ ಅದರಿಂದ ದುಃಖವಾಗಬೇಕಿತ್ತು, ಆಗಲಿಲ್ಲ. ಒಂದೊಂದು ಮನೆಯಿಂದ ಹೊರಬರುವಾಗಲೂ ಇದು ಇನ್ನು ಸ್ವಲ್ಪ ಹೊತ್ತು ಹೀಗೇ ಇರಲಿ ಎನ್ನಿಸುತ್ತಿತ್ತು.

ಆದರೆ ಹೊತ್ತು ಇಳಿಯಿತು. ನಾಳೆ ಬೆಳಗ್ಗೆ ಮೊಪೆಡ್ಡು ಹತ್ತಿದ ಕೂಡಲೇ ಇದೆಲ್ಲ ಮುಗಿಯುತ್ತದೆ. ಆ ಕುರ್ಚಿ ಸಿಕ್ಕರೆ ಮಾತ್ರ ಜನ ದಿನಾ ಬರುತ್ತಾರೆ, ಸುಳ್ಳಿಲ್ಲದೆ ಬರುತ್ತಾರೆ. ಗೋವಿಂದಯ್ಯನವರ ಕಾಲಿಗೆ ಬಿದ್ದಾದರೂ ಕೇಳಿಕೊಳ್ಳೋಣ ಎಂದು ಅವನು ಬಜಾರಿನ ಕಡೆ ನಡೆದ.

ಸೈಕಲ್ ಶಾಪಿನ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಮೆಟ್ಟಿಲಿನುದ್ದಕ್ಕೂ ಜನ. ಮೇಲಿನಿಂದ ಇಳಿದು ಬರುತ್ತಿದ್ದ ಅಣ್ಣಯ್ಯ ಇವನನ್ನು ಕಂಡು ಮತ್ತೆ ಮೇಲಕ್ಕೇ ಹತ್ತಿಬಿಟ್ಟ. ಈಗ ಅವನ ಮೈಮೇಲೆ ರೇಷ್ಮೆ ಜುಬ್ಬವಿತ್ತು. ಸಿದ್ದಯ್ಯ ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರ್ ಓದತೊಡಗಿದ. ಬೆಳಗ್ಗೆಯಿಂದ ಯಾರ್ಯಾರ ಮನೆಯಲ್ಲಿ ತಾನು ಉಂಡು ಬಂದಿದ್ದನೋ ಅವರೆಲ್ಲ ಅಲ್ಲಿದ್ದರು. ಅವನು ಮುಂಬಾಗಿಲಿನಿಂದ ಹೊರಟ ಮೇಲೆ ಒಬ್ಬೊಬ್ಬರೂ ಹಿತ್ತಿಲಿನಿಂದ ಇಲ್ಲಿಗೇ ಓಡಿಬಂದಿದ್ದರು.

"ಬಂದ್ಯಾ! ಬೆಳಗ್ಗಿಂದ ಎಲ್ಲೋಗಿದ್ದೆ ಮಾರಾಯ?" ಗೋವಿಂದಯ್ಯ ಬೆವರು ಸುರಿಸುತ್ತ ಕಾಗದದ ರಾಶಿಯಿಂದ ತಲೆ ಎತ್ತಿದರು. "ನನ್ನ ಸರ್ವೀಸ್ನಲ್ಲೇ ಇಂಥ ದಿನ ಕಂಡಿಲ್ಲ. ಯಾವನೋ ಇನ್‌ಕಂ ಟ್ಯಾಕ್ಸ್ ಆಫೀಸರ್ರು ಮಫ್ತೀಲಿ ಮನೆ ಮನೆ ತಿರುಗ್ತಾವ್ನಂತೆ. ಊರಿಗೂರೇ ಬಂದು ರಿಟರ್ನು ಬರ್ಸ್ತಾ ಅದೆ. ಯಾವನೋ ಪುಣ್ಯಾತ್ಮ, ತಣ್ಣಗಿರ್ಲಿ!"

ಎಲ್ಲರ ಕಣ್ಣುಗಳೂ ಬಾಗಿಲಲ್ಲಿ ನಿಂತ ಪುಣ್ಯಾತ್ಮನ ಮೇಲಿದ್ದವು.

"ಅದು ನಾನೇ ಸಾರ್," ಎಂದ ಚಲುವರಾಜು.

ಗೋವಿಂದಯ್ಯ ಮೇಜು ತಟ್ಟಿ ತಟ್ಟಿ ನಕ್ಕರು. "ಏ, ಈ ಹುಡುಗ್ನಾ? ಇವನೆಲ್ಲಿ ಆಫೀಸರ್ರು ಕಣ್ರಯ್ಯ! ಬಜಾರಿನ ಫೈನಾನ್ಸಲ್ಲಿ ವಸೂಲಿ ಮಾಡ್ತಾನೆ. ನನ್ನತ್ರ ಕೆಲ್ಸ ಕಲೀಬೇಕು ಅಂತ ಬಂದಿದ್ದ, ಪಾಪ."

"ಓ, ನಿಜವಾಗ್ಲೂ ಫೈನಾನ್ಸ್‌ನೋನೇನಾ!" ಎಂದು ಯಾರೋ ಉಸಿರು ಬಿಟ್ಟರು. ಉಸಿರು ಬಿಟ್ಟ ಮೇಲೆ ಎಲ್ಲರಿಗೂ ಒಂದೊಂದು ನೆನಪಾಯಿತು. ಕಂತು ಬಾಕಿ ಇದ್ದವರಿಗೆ ಕಂತು ನೆನಪಾಗಿ, ಚಪ್ಪಲಿ ಕೈಯಲ್ಲಿ ಹಿಡಿದು ಇಳಿದುಹೋದರು. ಬಾಕಿ ಇಲ್ಲದವರಿಗೆ ತಾವು ಇಕ್ಕಿದ್ದು ನೆನಪಾಯಿತು.

"ಎರಡು ಮುದ್ದೆ ತಿಂದ ಕಣ್ರೀ!" ಎಂದ ಸಿದ್ದಯ್ಯ. ಅವನೂ ಹೋದ. ನೋಡ ನೋಡುತ್ತಿದ್ದಂತೆ ಮೆಟ್ಟಿಲು ಬರಿದಾಯಿತು.

ಖಾಲಿಯಾದ ಕೋಣೆಯಲ್ಲಿ ಚಲುವರಾಜುವಿಗೆ ಆ ಕುರ್ಚಿ ಈಗ ಸರಿಯಾಗಿ ಕಂಡಿತು. ಅದರಲ್ಲಿ ನಂಜಣ್ಣ ಕೂತಿದ್ದ. ಕಿವಿಯ ಮೇಲೆ ಪೆನ್ನು, ಮೂಗಿನ ಮೇಲೆ ಕನ್ನಡಕ.

"ಬೆಳಗ್ಗೆ ಮೊದಲು ಬಂದೋರು ಇವ್ರೇ," ಎಂದರು ಗೋವಿಂದಯ್ಯ, ಸ್ವಲ್ಪ ಸಂಕೋಚದಿಂದ. "ಪಿಂಚಣಿಗೂ ಟ್ಯಾಕ್ಸ್ ಬತ್ತದಾ ಅಂತ ಕೇಳಾಕೆ ಬಂದ್ರು. ಜನ ನುಗ್ಗಿದ್ದನ್ನ ನೋಡಿ, ಪೆನ್ನಿಡ್ಕೊಂಡು ಕೂತೇಬುಟ್ರು. ನೀನು ಬತ್ತೀಯ ಬತ್ತೀಯ ಅಂತ ನೋಡ್ದೆ. ಒಂದು ದಿನದಲ್ಲಿ ಒಂದು ವರ್ಸದ ಕೆಲ್ಸ ಕಲ್ತವ್ರೆ. ಇನ್ಮೇಲೆ ದಿನಾ ಇವ್ರೇ ಬತ್ತಾರೆ. ಇರೋದು ಒಂದು ಕುರ್ಚಿ, ನಾನೇನು ಮಾಡ್ಲಿ ಯೋಳು?"

ಬೆಳಗ್ಗೆಯಿಂದ ಸಂಜೆಯವರೆಗೆ ಊರೆಲ್ಲ ಅಲೆದು ಚಲುವರಾಜು ಇನ್ನೊಬ್ಬನಿಗೆ ಕೆಲಸ ಕಲಿಸಿದ್ದ. ಗೋವಿಂದಯ್ಯ ಟೀ ಕುಡಿದು ಬರುತ್ತೇನೆಂದು ಕೆಳಗೆ ಇಳಿದರು. ನಂಜಣ್ಣ ತೆರಿಗೆ ಲೆಕ್ಕ ಬರೆಯುವ 'ಸರಳ್' ಎಂಬ ಹೊಸ ಅರ್ಜಿಯೊಂದನ್ನು ತೆಗೆದು ಎದುರಿಗಿದ್ದ ಬೆಂಚು ತೋರಿಸಿದ.

"ಬಾ, ಕೂತ್ಕೊ. ಅಂಗಡಿ ಬರ್ದೆ, ಲಾರಿ ಬರ್ದೆ, ಸಂಬಳದೋನು ಒಬ್ಬನೂ ಸಿಕ್ಕಿಲ್ಲ ಕಣಯ್ಯ. ನಿಂದೊಂದು ಬರೀತೀನಿ, ನನ್ನ ಕೈ ಪಳಗ್ಲಿ."

ಚಲುವರಾಜು ಬೆಂಚಿನ ಮೇಲೆ ಕೂತ. ನಂಜಣ್ಣ ಒಂದೊಂದಾಗಿ ಕೇಳಿದ. ಹೆಸರು, ತಂದೆಯ ಹೆಸರು, ವಿಳಾಸ, ಹುಟ್ಟಿದ ದಿನ. ಚಲುವರಾಜು ತಂದೆಯ ಹೆಸರಿನ ಜೊತೆಗೆ ತಂದೆ ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದುದನ್ನೂ ಹೇಳಿದ. ಹುಟ್ಟಿದ ದಿನದ ಜೊತೆಗೆ ಆ ದಿನ ಅವ್ವ ಹೊಲದಿಂದ ನಡೆದುಕೊಂಡೇ ಮನೆಗೆ ಬಂದ ಕತೆಯನ್ನೂ ಹೇಳಿದ. ನಂಜಣ್ಣ ಹೂಂಗುಟ್ಟುತ್ತ ಕೊನೆಗೆ ಸಂಬಳ ಕೇಳಿ, ತಿಂಗಳನ್ನು ವರ್ಷ ಮಾಡಿ, ಕಳೆಯುವುದನ್ನು ಕಳೆದು, ಪೆನ್ನು ಕೆಳಗಿಟ್ಟ.

"ಇಷ್ಟೇನಾ? ನಿಂಗೆ ಟ್ಯಾಕ್ಸೇ ಬೀಳಲ್ವಲ್ಲಯ್ಯ! ಇದನ್ನ ಬರ್ದು ಏನುಪಯೋಗ? ಏಳು ಏಳು, ಬಾಗ್ಲಾಕ್ಬೇಕು."

"ಇನ್ನೊಂದ್ಸಲ ಕೂಡಿ ನೋಡಿ ನಂಜಣ್ಣ," ಎಂದ ಚಲುವರಾಜು, ಏಳದೆ.