ಒಂದು ಹುಂಜ, ಎರಡು ಹ್ಯಾಟಿ, ಒಂದು ಆಡಿನ ಮರಿ

ಒಬ್ಬಳೇ ಇರುವವಳ ಮನೆಯಲ್ಲಿ ಏನು ತಾನೇ ನಡೆಯುತ್ತದೆ ಎಂದು ಓಣಿಯವರು ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಕೋಳಿ ಸಾಕತೊಡಗಿದ ಮೇಲೆ, ನಾನು ಬೇಡವೆಂದರೂ, ಏನಾದರೊಂದು ನಡೆಯುತ್ತಲೇ ಬಂದಿದೆ.

ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಇಪ್ಪತ್ತು ವರ್ಷದಿಂದ 'ಗದ್ದಲ ಮಾಡಬೇಡಿ' ಎಂಬ ಫಲಕದ ಕೆಳಗೆ ಕೂತು ಪಗಾರ ತಗೊಂಡವಳು. ಮದುವೆಯಾಗಿಲ್ಲ. ಆರು ವರ್ಷ ದೊಡ್ಡವಳಾದ ಅಕ್ಕನಿಗೂ ಆಗಿರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಜಗಳಾಡುತ್ತ ಸುಖವಾಗಿದ್ದೆವು. ಹಾಗಿರುವಾಗ ಐವತ್ತೊಂದನೆಯ ವಯಸ್ಸಿನಲ್ಲಿ ಅಕ್ಕ, ಹೆಂಡತಿ ತೀರಿಕೊಂಡಿದ್ದ ರಾಮದುರ್ಗದ ಒಬ್ಬ ಅರಿವೆ ಅಂಗಡಿಯವರನ್ನು ಮದುವೆಯಾದಳು. ಒಳ್ಳೆಯ ಮನುಷ್ಯರು. ಆದರೂ ನಾನು ಮದುವೆಯ ಮುಂಜಾನೆ ಅವಳಿಗೆ ಆಡಬಾರದ ಮಾತು ಆಡಿಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು, ಯಾಕೆಂದರೆ ಹುಟ್ಟಿದಾಗಿನಿಂದ ಅಕ್ಕ ನನ್ನ ಒಂದು ಮಾತನ್ನೂ ಉತ್ತರ ಕೊಡದೆ ಬಿಟ್ಟವಳಲ್ಲ.

ಆಮೇಲೆ ಎಂಟು ತಿಂಗಳು ಅವಳು ಈ ಕಡೆ ಬರಲಿಲ್ಲ. ದಿನಾ ಸಂಜೆ ಫೋನ್ ಮಾತ್ರ ಬರುತ್ತಿತ್ತು.

"ಉಂಡಿ?"

"ಉಂಡೆ."

"ಇಡ್ತೇನಿ."

ಲೈಬ್ರರಿಯ ಮೌನವೇ ನನ್ನ ಹಿಂದೆ ಮನೆಗೂ ನಡೆದು ಬಂದು ಕೂತಿತು. ಒಂದು ದಿನ ಕುಕ್ಕರ್ ಸೀಟಿ ಹೊಡೆದದ್ದಕ್ಕೆ ನಾನು "ಹಾಂ, ಬಂದೆ" ಎಂದು ಉತ್ತರ ಕೊಟ್ಟೆ. ಹೀಗೇ ಬಿಟ್ಟರೆ ನೆಟ್ಟಗಾಗುವುದಿಲ್ಲ ಎಂದು ಗೊತ್ತಾಯಿತು.

ಗ್ಯಾರಂಟಿ ಇಲ್ಲದ ಬಣ್ಣ

ಅದೇ ವಾರ ಓಣಿಗೆ ಬಣ್ಣದ ಕೋಳಿಮರಿ ಮಾರುವವನು ಬಂದ. ಸೈಕಲ್ಲಿನ ಹಿಂದಿನ ಬುಟ್ಟಿಯಲ್ಲಿ ಹಸಿರು, ಗುಲಾಬಿ, ನೇರಳೆ, ಕೇಸರಿ ಬಣ್ಣದ ಮರಿಗಳು ಒಂದರ ಮೇಲೊಂದು ಬಿದ್ದು ಚಿಂವ್‌ಗುಡುತ್ತಿದ್ದವು. ನಮ್ಮ ಮನೆಯೊಳಗೆ ಮೊಟ್ಟೆ ಸಹ ಬಂದಿದ್ದಿಲ್ಲ. ಆದರೂ ನಿಂತೆ.

"ಬಣ್ಣ ಹೋಗೂದಿಲ್ಲ ಹೌದಿಲ್ಲೋ?" ಎಂದು ಕೇಳಿದೆ, ಸೀರೆ ಕೊಳ್ಳುವವರ ಹಾಗೆ.

"ಖರೇ ಹೇಳ್ತೇನ್ರಿ ಅಕ್ಕಾರ," ಎಂದ ಅವನು. "ಬಣ್ಣದ್ದೂ ಗ್ಯಾರಂಟಿ ಇಲ್ಲ, ಜೀವದ್ದೂ ಗ್ಯಾರಂಟಿ ಇಲ್ಲ. ಗದ್ದಲದ್ದು ಮಾತ್ರ ಗ್ಯಾರಂಟಿ ಐತಿ."

ನನಗೆ ಬೇಕಾದದ್ದೂ ಅದೇ. ಬಣ್ಣಕ್ಕೊಂದರಂತೆ ನಾಲ್ಕು ಆರಿಸಿಕೊಂಡೆ. ರಟ್ಟಿನ ಡಬ್ಬಿ, ಒಳಗೆ ಜೋಳದ ನುಚ್ಚು, ಮೇಲೊಂದು ಬಲ್ಬು. ಒಂದೊಂದರ ಚುಂಚನ್ನೂ ನೀರಿಗೆ ಅದ್ದಿ ಕುಡಿಯಲು ಕಲಿಸಿದೆ. ಬಲ್ಬು ಬಿಸಿ ಇದ್ದಷ್ಟು ಹೊತ್ತು ಹರಡಿಕೊಂಡು ಓಡಾಡುತ್ತಿದ್ದವು, ಕರೆಂಟ್ ಹೋದರೆ ಮುದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

ಚಳಿಗಾಲದ ಒಂದು ದಿನ ಮುಂಜಾನೆಯೇ ಕರೆಂಟ್ ಹೋಯಿತು. ಕಾಲೇಜಿನಲ್ಲಿ ಜನರೇಟರ್ ಇತ್ತು. ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ, ನನ್ನ ಮೇಜಿನ ಕೆಳಗೆ ಟೇಬಲ್ ಲ್ಯಾಂಪಿನ ಬುಡದಲ್ಲಿ ಇಟ್ಟೆ. ಹನ್ನೊಂದು ಗಂಟೆಗೆ ಪ್ರಾಂಶುಪಾಲರು ತಪಾಸಣೆಗೆ ಬಂದರು. ಪರೀಕ್ಷೆಯ ದಿನಗಳು, ಲೈಬ್ರರಿ ತುಂಬಿತ್ತು, ಉಸಿರಾಡಿದರೂ ಕೇಳುವಷ್ಟು ಮೌನ. ಅಷ್ಟರಲ್ಲಿ, "ಚಿಂವ್."

"ಯಾರ ಮೊಬೈಲ್ ಅದು?" ಎಂದರು.

"ಚಿಂವ್ ಚಿಂವ್."

"ಬಂದ್ ಮಾಡ್ರಿ ಅಂದೆ!"

ಎಲ್ಲ ಹುಡುಗರೂ ತಮ್ಮ ತಮ್ಮ ಮೊಬೈಲ್ ತೆಗೆದು ನೋಡಿದರು. ಮೊಬೈಲ್ ತರಬಾರದೆಂಬ ನಿಯಮವಿದ್ದದ್ದರಿಂದ ಅಲ್ಲಿಯೇ ಅಷ್ಟೂ ಜಪ್ತಿಯಾದವು. ಅವನ್ನೆಲ್ಲ ನನ್ನ ಮೇಜಿನ ಮೇಲೆ ರಾಶಿ ಹಾಕಿದಾಗ ಮತ್ತೆ "ಚಿಂವ್" ಕೇಳಿತು. ಪ್ರಾಂಶುಪಾಲರು ಮುಖ ಕೆಂಪಗೆ ಮಾಡಿಕೊಂಡು ಗಡಬಡಿಸಿ ತಮ್ಮದೇ ಮೊಬೈಲ್ ತೆಗೆದರು, ಬಂದ್ ಮಾಡಿದರು, "ಸಾರಿ" ಎಂದು ಹೊರಗೆ ಹೋದರು.

ಮಾತು ಬಿಟ್ಟ ಹುಂಜ

ತಿಂಗಳೆರಡು ತಿಂಗಳಿಗೆ ಬಣ್ಣ ಹೋಗಿ ನಾಲ್ಕೂ ಬಿಳಿಯಾದವು. ಇನ್ನೂ ಸ್ವಲ್ಪ ದಿನಕ್ಕೆ ನಾಲ್ಕೂ ಹುಂಜಗಳೆಂದು ತಿಳಿಯಿತು. ದಿನಾ ರಕ್ತ ಬರುವ ಹಾಗೆ ಬಡಿದಾಡತೊಡಗಿದವು. ನಮ್ಮ ಲೈಬ್ರರಿಯ ಜವಾನ, ಚಚಡಿ ಎಂಬ ಹಳ್ಳಿಯವನು, "ಮೂರು ನಾ ಒಯ್ತೇನ್ರಿ ಬಾಯಾರ, ನಮ್ಮ ಹಿತ್ತಲ ದೊಡ್ಡದೈತಿ" ಎಂದು ಒಯ್ದ. ಅಲ್ಲಿ ಅವು ಏನಾದವು ಎಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ಉಳಿದದ್ದು ಮೊದಲು ಗುಲಾಬಿ ಬಣ್ಣದ್ದಾಗಿದ್ದ ಹುಂಜ. ಹೆಸರೂ ಗುಲಾಬಿ. ನಾನು ಉಣ್ಣಲು ಕೂತರೆ ಎದುರಿಗೆ ಬಂದು ನಿಲ್ಲುತ್ತಿತ್ತು. ಒಬ್ಬಳೇ ಉಣ್ಣುವುದು ಬೇಜಾರು. ಒಂದು ಸಣ್ಣ ತಾಟು ಅದಕ್ಕೂ ಇಡತೊಡಗಿದೆ. ಒಂದು ವಾರ ಹೀಗೆ ಸಹಪಂಕ್ತಿ ನಡೆಯಿತು. ಎಂಟನೆಯ ದಿನ ಗುಲಾಬಿ ಕೂಗಲಿಲ್ಲ. ಮರುದಿನವೂ ಕೂಗಲಿಲ್ಲ. ಬುಟ್ಟಿಯಲ್ಲಿ ಕೂಡಿಸಿಕೊಂಡು ದನದ ದವಾಖಾನೆಗೆ ಓಡಿದೆ.

ಕಂಪೌಂಡರ್ ಚೀಟಿ ಬರೆಯಲು ಕೂತ. "ಹೆಸರು?"

"ಗುಲಾಬಿ."

"ಹುಂಜ ಐತಲ್ರೀ ಇದು! ಇರ್ಲಿ. ಯಾತಕ್ಕ ಸಾಕೀರಿ, ಮಾಂಸಕ್ಕೋ, ಮಾರಾಕೋ?"

"ಎರಡಕ್ಕೂ ಅಲ್ರಿ. ಜೊತೀಗೆ."

ಅವನು ಪೆನ್ನು ಎತ್ತಿ ನನ್ನನ್ನು ನೋಡಿದ. ಆಮೇಲೆ ಡಾಕ್ಟರ್ ಬಂದರು. "ಏನಾಗೈತ್ರಿ?"

"ಎರಡ ದಿನದಿಂದ ಮಾತಾಡವಲ್ದು, ಸರ್."

"ಮೊದಲ ಏನ ಮಾತಾಡತಿತ್ತು?"

ನಾನು ಗಾಬರಿಯಲ್ಲಿದ್ದೆ, ಅವರು ನಗೆಯಾಡಿದ್ದು ಗೊತ್ತಾಗಲಿಲ್ಲ. "ಮುಂಜಾನೆ ಎದ್ದ ಕೂಡ್ಲೆ ನಾಲ್ಕ ಮಾತು, ನಾ ಕಾಲೇಜಿಗೆ ಹೋಗುಮುಂದ ಎರಡ ಮಾತು, ಬಂದ ಮ್ಯಾಲ ಒಂದ ತಾಸು" ಎಂದೆ.

ಡಾಕ್ಟರ್ ಅದರ ಕೊರಳಿನ ಕೆಳಗಿನ ಚೀಲ ಒತ್ತಿ ನೋಡಿದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. "ಏನ ತಿನಸೀರಿ?"

"ರೊಟ್ಟಿ, ಪುಂಡಿಪಲ್ಯ, ಸ್ವಲ್ಪ ಕೆಂಪ ಚಟ್ನಿ."

"ನಿಮ್ಮ ಮನ್ಯಾಗ ಮತ್ತ ಯಾರ್ಯಾರ ಇದ್ದಾರು?"

"ಯಾರೂ ಇಲ್ರಿ."

ಡಾಕ್ಟರ್ ಹುಂಜದ ಕೊರಳಿಗೆ ಎಣ್ಣೆ ಬಿಟ್ಟು, ಮೆಲ್ಲಗೆ ತಿಕ್ಕಿ, ಬುಟ್ಟಿಗೆ ಇಳಿಸಿದರು. ಕಂಪೌಂಡರನಿಗೆ ಹೇಳಿದರು: "ಬರಕೋ. ಹುಂಜಕ್ಕ ದಿನಾ ಎರಡ ಸಲ ಎಣ್ಣಿ. ಬಾಯಾರಿಗೆ ದಿನಾ ಎರಡ ಸಲ ಯಾರರ ಮನಷ್ಯಾರ ಕೂಡ ಮಾತು."

ಕಂಪೌಂಡರ್ ತಲೆ ಎತ್ತದೆ ಕೇಳಿದ: "ಬಾಯಾರದು ಊಟಕ್ಕ ಮೊದಲೋ, ಊಟ ಆದಮ್ಯಾಲೋ, ಸರ್?"

ಹಿಂಬಾಗಿಲು

ಡಾಕ್ಟರ್ ಹೇಳಿದ ಔಷಧಕ್ಕೆ ಮನುಷ್ಯರು ಬೇಕಲ್ಲ. ಅದು ಹೊಂದಿಬಂದದ್ದು ಮೊಟ್ಟೆಯಿಂದ.

ಎಣ್ಣೆಯಿಂದ ಚೇತರಿಸಿಕೊಂಡು ಮತ್ತೆ ಕೂಗತೊಡಗಿದ ಗುಲಾಬಿಗೆ ಜೊತೆಯಾಗಲಿ ಎಂದು ಸಂತೆಯಲ್ಲಿ ಎರಡು ಹ್ಯಾಟಿ ಕೊಂಡುತಂದಿದ್ದೆ. ಹ್ಯಾಟಿ ಎಂದರೆ ಹೆಣ್ಣು ಕೋಳಿ. ಅವು ಮೊಟ್ಟೆ ಇಡುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಅಕ್ಕ ಬಿಟ್ಟುಹೋದ ಹಾಸಿಗೆಯ ಮೇಲೆ, ಅವಳ ತಲೆದಿಂಬಿನ ತಗ್ಗಿನಲ್ಲಿ ಬೆಚ್ಚಗೆ ಒಂದು ಮೊಟ್ಟೆ ಬಿದ್ದದ್ದನ್ನು ಕಂಡಾಗ ಏನು ಮಾಡಬೇಕೋ ತಿಳಿಯಲಿಲ್ಲ. ಬಿಸಾಡಲು ಮನಸ್ಸಾಗಲಿಲ್ಲ, ತಿನ್ನುವ ಮಾತೇ ಇಲ್ಲ. ಎದುರುಮನೆಯ ಕಾಕು ಬಾಗಿಲಲ್ಲಿ ಕೂತಿದ್ದರು. ಕೇಳಿದೆ.

"ಶಿವ ಶಿವಾ!" ಎಂದರು ಕಾಕು, ಇಡೀ ಓಣಿಗೆ ಕೇಳುವ ಹಾಗೆ. "ನಮ್ಮ ಮನ್ಯಾಗ ಅದರ ಹೆಸರ ಸುದ್ದಾ ತಗೊಳ್ಳೂದಿಲ್ಲ."

ಅಂದು ಮಧ್ಯಾಹ್ನ ನನ್ನ ಹಿಂಬಾಗಿಲನ್ನು ಯಾರೋ ಮೆಲ್ಲಗೆ ಬಡಿದರು. ಕಾಕುವಿನ ಗಂಡ. ಕೈಯಲ್ಲಿ ಮುಚ್ಚಳದ ಡಬ್ಬಿ. "ಡಾಕ್ಟರ್ ಹೇಳ್ಯಾರವ್ವಾ, ಅಶಕ್ತತನ ಐತೆಂತ. ಮನ್ಯಾಗ ಹೇಳಬ್ಯಾಡ." ಎರಡು ದಿನಕ್ಕೆ ಅವರ ಸೊಸೆ ಬಂದಳು. "ಅಕ್ಕಾರ, ನನ್ನ ತವರಮನ್ಯಾಗ ರೂಢಿ ಇತ್ತು. ಅತ್ತಿಗೆ ಹೇಳಬ್ಯಾಡ್ರಿ." ಅವಳು ಎದ್ದುಹೋಗುವಾಗ ಮಾವ ಒಳಗೆ ಬರುತ್ತಿದ್ದರು. ಮಾವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಸೊಸೆಯನ್ನು ಮುಂಬಾಗಿಲಿನಿಂದ ಕಳಿಸಿದೆ.

ಬಂದವರಿಗೆ ಚಹಾ ಕೊಡುತ್ತಿದ್ದೆ. ಹತ್ತು ನಿಮಿಷ ಕೂತು ಮಾತಾಡುತ್ತಿದ್ದರು. ಅವರು ಬರುವುದು ಮೊಟ್ಟೆಗಾಗಿ, ನನಗಾಗಿ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹ್ಯಾಟಿ ಕೊಕ್ಕೊಕ್ ಎಂದು ಕೂಗಿದ ಕೂಡಲೇ ಚಹಾದ ನೀರು ಒಲೆಯ ಮೇಲಿಡುತ್ತಿದ್ದೆ.

ಕಡೆಗೆ ಒಂದು ದಿನ ಕಾಕುವೇ ಬಂದರು. ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡಿದ್ದರು.

"ತಿನ್ನಾಕಲ್ಲವ್ವಾ. ತಲಿಗೂದಲಿಗೆ ಹಚ್ಚಾಕ. ಕೂದಲ ಉದರತಾವು."

ವಾರಕ್ಕೆ ಆರು ಒಯ್ಯುತ್ತಿದ್ದರು. ಕಾಕುವಿನ ತಲೆಯ ಮೇಲೆ ಇದ್ದ ಕೂದಲಿಗೆ ಆರು ಮೊಟ್ಟೆ ಹಚ್ಚಿದ್ದರೆ ಕೂದಲಿಗೊಂದರಂತೆ ಸರಿಹೋಗುತ್ತಿತ್ತು.

ಎಂಟು ದಿನದ ಕೂಸು

ಚಚಡಿಯ ಜವಾನನ ಆಡು ಒಮ್ಮೆಗೇ ಮೂರು ಮರಿ ಹಾಕಿತು. ಮೂರನೆಯದನ್ನು ತಾಯಿ ಹತ್ತಿರ ಸೇರಿಸದೆ ಒದೆಯತೊಡಗಿತು. "ಬಾಯಾರ, ಹದಿನೈದ ದಿನ ಬಾಟ್ಲಿ ಹಾಲ ಕುಡಿಸಿ ಬದಕಿಸಿ ಕೊಡ್ರಿ. ನಮ್ಮ ಮನ್ಯಾಗ ಎಲ್ಲಾರೂ ಹೊಲಕ್ಕ ಹೋಗೋರು" ಎಂದು ಒಂದು ಶನಿವಾರ ಮಧ್ಯಾಹ್ನ ಟಾವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟು ಹೋದ. ಕಪ್ಪು ಮರಿ, ಹಣೆಯ ಮೇಲೆ ಬಿಳಿ ಮಚ್ಚೆ. ಬಂದ ತಾಸಿನೊಳಗೆ ನನ್ನ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಚೀಪತೊಡಗಿತು.

ಔಷಧದ ಅಂಗಡಿಗೆ ಓಡಿದೆ. "ಹಾಲ ಕುಡಿಸೋ ಬಾಟ್ಲಿ ಕೊಡ್ರಿ, ನಿಪ್ಪಲ್ ಮೆತ್ತಗಿರಬೇಕು."

"ಕೂಸಿಗೆ ಎಷ್ಟ ತಿಂಗಳ್ರಿ?" ಎಂದರು ಅಂಗಡಿಯವರು.

"ತಿಂಗಳಲ್ರಿ. ಎಂಟ ದಿನ."

"ತಾಯಿ ಹಾಲ?"

"ಒಮ್ಮಿಗೇ ಮೂರ ಆಗ್ಯಾವ್ರಿ. ಸಾಲೂದಿಲ್ಲ. ಇದೊಂದನ್ನ ನಾ ತಂದೇನಿ."

ಅವರ ಕಣ್ಣು ಒದ್ದೆಯಾದವು. ಬಾಟಲಿಯ ಜೊತೆ ಒಂದು ಮಕ್ಕಳ ಪೌಡರ್ ಡಬ್ಬಿಯನ್ನೂ ಚೀಲಕ್ಕೆ ಹಾಕಿದರು. "ಇದು ನನ್ನ ಕಡಿಂದ ಇರ್ಲಿ ಮೇಡಮ್ಮಾರ. ಪುಣ್ಯದ ಕೆಲಸ ಮಾಡೀರಿ." ನಮ್ಮೂರಿನ ಜನಕ್ಕೆ ಆಡಿನ ಮೇಲೆ ಎಷ್ಟು ಅಂತಃಕರಣ ಎಂದುಕೊಂಡು ಹೊರಟೆ. ನನ್ನ ಹಿಂದೆ ಕಾಕುವಿನ ಸೊಸೆ ನಿಂತಿದ್ದನ್ನು ನಾನು ಗಮನಿಸಲಿಲ್ಲ.

ಮರಿ ಮೊದಲು ಬಾಟಲಿ ಮುಟ್ಟಲೇ ಇಲ್ಲ. ತೊಡೆಯ ಮೇಲೆ ಕೂಡಿಸಿಕೊಂಡು ಅಂಗೈಯಿಂದ ಅದರ ಕಣ್ಣು ಮುಚ್ಚಿದೆ. ತಾಯಿಯ ಹೊಟ್ಟೆಯ ಕೆಳಗಿನ ಕತ್ತಲು ಎಂದು ತಿಳಿಯಿತೋ ಏನೋ, ಒಮ್ಮೆಲೇ ಹಿಡಿದುಕೊಂಡು ಬಾಲ ಅಲ್ಲಾಡಿಸುತ್ತ ಗಟಗಟ ಕುಡಿಯಿತು. ಕುಡಿದು ನನ್ನ ಮಡಿಲಲ್ಲೇ ಮಲಗಿತು. ಎದ್ದರೆ ಎಚ್ಚರಾದೀತೆಂದು ಕಾಲು ಜೋಮು ಹಿಡಿದರೂ ನಾನು ಏಳಲಿಲ್ಲ.

ಮರುದಿನ ಸಂಜೆ ನಾಲ್ಕಕ್ಕೆ ಕಾಕು ಮುಂಬಾಗಿಲಿನಿಂದ ಬಂದರು. ಹಿಂದೆ ಓಣಿಯ ಐದಾರು ಹೆಣ್ಣುಮಕ್ಕಳು. ಒಬ್ಬರ ಕೈಯಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿಯ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಕೂಸಿನ ತಲೆಗೆ ಕಟ್ಟುವ ಕುಂಚಿಗೆ. ಆಡಿನ ಮರಿಗೆ ಇಷ್ಟೊಂದು ಯಾಕೆ ಎನಿಸಿತು, ಆದರೆ ಎಂಟು ತಿಂಗಳಾದ ಮೇಲೆ ಇಷ್ಟು ಜನ ಮುಂಬಾಗಿಲು ತುಳಿದಿದ್ದರು. ಚಾಪೆ ಹಾಸಿದೆ.

"ಎಲ್ಲೈತವ್ವಾ?" ಎಂದರು ಕಾಕು.

"ಒಳಗ ಮಲಗೈತ್ರಿ."

"ಗಂಡೋ ಹೆಣ್ಣೋ?"

"ಗಂಡ್ರಿ. ಬಣ್ಣ ಕಪ್ಪ."

"ಕಪ್ಪ ಇದ್ದರೇನಾತು, ಲಕ್ಷಣ ಇದ್ದರ ಸಾಕು. ಭಾಳ ಅಳತೈತೇನು?"

"ಅಳೂದು ಕಡಿಮಿ ರೀ. ಜಿಗದಾಡೂದು ಭಾಳ. ಮುಂಜಾನೆ ಟೇಬಲ್ ಮ್ಯಾಲ ಹತ್ತಿತ್ತು."

"ಎಂಟ ದಿನಕ್ಕ?" ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ಅದೇ ಎದ್ದು, ಟಣ್ಣನೆ ಹೊಸ್ತಿಲು ಹಾರಿ ನಡುಮನೆಗೆ ಬಂದು "ಮ್ಯಾಂ" ಎಂದಿತು.

ಮೊದಲು ನಕ್ಕವರು ಕಾಕು. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಆಮೇಲೆ ಎಲ್ಲರೂ ನಕ್ಕರು, ಎಲ್ಲರಿಗಿಂತ ಕಡೆಗೆ ಅರ್ಥವಾಗಿ ನಾನೂ ನಕ್ಕೆ. "ತಂದದ್ದು ವಾಪಸ್ ಒಯ್ಯಬಾರದು" ಎಂದು ಕುಂಚಿಗೆ ತಂದವರು ಅದನ್ನು ಮರಿಯ ತಲೆಗೇ ಕಟ್ಟಿ, ಮರಿಯನ್ನು ಟಾವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಚಹಾಕ್ಕೆ ನನ್ನ ಕಪ್‌ಗಳು ಸಾಲದೆ ಕಾಕುವಿನ ಮನೆಯಿಂದ ತರಿಸಿದೆವು.

ಆಗ ಬಾಗಿಲಲ್ಲಿ ಆಟೋ ನಿಂತಿತು. ಅಕ್ಕ ಇಳಿದಳು. ಹಿಂದೆ ಅವಳ ಯಜಮಾನರು, ತಲೆಯ ಮೇಲೆ ಒಂದು ಕಟ್ಟಿಗೆಯ ತೊಟ್ಟಿಲು. ಕಾಕು ನಾಲಿಗೆ ಕಚ್ಚಿಕೊಂಡರು. ಮುಂಜಾನೆ ರಾಮದುರ್ಗಕ್ಕೆ ಫೋನ್ ಹಚ್ಚಿದವರು ಅವರೇ.

ಅಕ್ಕ ಚಪ್ಪಲಿ ಬಿಡದೆ ಒಳಗೆ ಬಂದಳು. ಮುಖ ಅತ್ತು ಬಾತಿತ್ತು. "ಇಷ್ಟ ದೊಡ್ಡ ಸುದ್ದಿ ನಾ ಮಂದಿ ಬಾಯಿಂದ ಕೇಳಬೇಕಾತೇನ? ನನಗ ಹೇಳಿದ್ದರ ಬ್ಯಾಡ ಅಂತಿದ್ನೇನು?"

ಎಂಟು ತಿಂಗಳಿನಿಂದ ನಾನು ಆಡದೆ ಇಟ್ಟುಕೊಂಡಿದ್ದ ಮಾತು ಅದೇ ಹೊತ್ತಿಗೆ ಹೊರಗೆ ಬಂತು. "ತಪ್ಪಾತಕ್ಕಾ. ನಾ ಹಂಗ ಅನಬಾರದಿತ್ತು."

"ಸುಮ್ಮನಿರ ಹುಚ್ಚಿ," ಎಂದು ಅವಳು ನನ್ನನ್ನು ತಬ್ಬಿಕೊಂಡಳು. "ಕೂಸ ತಂದದ್ದು ತಪ್ಪ ಹೆಂಗಾಗತೈತಿ? ಎಲ್ಲೈತಿ, ಕೊಡ ಇಲ್ಲಿ."

ಕಾಕು ಟಾವೆಲ್ಲಿನಲ್ಲಿ ಸುತ್ತಿದ ಮರಿಯನ್ನು ಎತ್ತಿ ಅಕ್ಕನ ಮಡಿಲಿಗೆ ಹಾಕಿದರು. ಅಕ್ಕ ಕಣ್ಣೊರೆಸಿಕೊಂಡು ಕುಂಚಿಗೆ ಹಿಂದಕ್ಕೆ ಸರಿಸಿದಳು. ಎರಡು ಉದ್ದ ಕಿವಿ ಎದ್ದು ನಿಂತವು. ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಕಡೆಗೆ ಮುಖ ಗಂಭೀರ ಮಾಡಿಕೊಂಡು ಕಾಕುವನ್ನು ಕೇಳಿದಳು:

"ಯಾರ ಹಂಗ ಐತ್ರೀ ಇದು?"

ಕಾಕು ಮರಿಯನ್ನು ನೋಡಿದರು, ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು.

"ಈಗಲೇ ಹೇಳಾಕ ಬರೂದಿಲ್ಲವ್ವಾ," ಎಂದರು. "ಗಡ್ಡ ಬರ್ಲಿ, ಆಮ್ಯಾಲ ನೋಡೂಣು."