ಬ್ಲೇಡಿಗೆ ಎಲ್ಲರೂ ಒಂದೇ

ಅಂಕಲ್‌ಗೆ ಒಂದು ಅಭ್ಯಾಸ. ಜಾಯಿಂಟರ್ ಮೆಷಿನ್ನಿನ ಸ್ವಿಚ್ ಒತ್ತುವ ಮೊದಲು ತಮ್ಮ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಾರೆ, ಊಟಕ್ಕೆ ಕೂರುವ ಮಕ್ಕಳು ಕೈ ತೊಳೆದಿದ್ದಾರಾ ಎಂದು ಅಮ್ಮಂದಿರು ನೋಡುವ ಹಾಗೆ. ಹಲಗೆಯ ಡೊಂಕು ಕೆರೆದು ನೇರ ಮಾಡುವ ಈ ಮೆಷಿನ್ನಿನ ಬ್ಲೇಡು, ಮರ ಯಾವುದು ಬೆರಳು ಯಾವುದು ಎಂದು ವಿಚಾರಿಸುವುದಿಲ್ಲ.

ಬನಶಂಕರಿಯಲ್ಲಿ ಅವರ ಮನೆಯ ಕಾರ್ ಶೆಡ್ಡಿನಲ್ಲಿ ನಾವೊಂದಷ್ಟು ಜನ ಪ್ರತಿ ಭಾನುವಾರ ಅವರ ಹತ್ತಿರ ಮರಗೆಲಸ ಕಲಿಯುತ್ತೇವೆ. ಯಾರಿಗಾದರೂ ಒಂದು ಹನಿ ರಕ್ತ ಬಂದರೂ ಇದನ್ನೆಲ್ಲ ಖಾಲಿ ಮಾಡಿಸಿ ಕಾರು ನಿಲ್ಲಿಸುತ್ತೇನೆ ಎಂದು ಅವರ ಹೆಂಡತಿ, ನಮ್ಮ ಆಂಟಿ, ಮೊದಲೇ ಹೇಳಿದ್ದಾರೆ. ಹಾಗಾಗಿ ಅಂಕಲ್ ರೂಲ್ಸಿನಲ್ಲಿ ಯಾರಿಗೂ ವಿನಾಯಿತಿ ಇಲ್ಲ. ವಿನಾಯಿತಿ ಇಲ್ಲದ ಕಡೆ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ಪೂರ್ತಿ ತಯಾರಿ

ಬೊಮ್ಮನಹಳ್ಳಿಯಿಂದ ಬರುವ ಒಬ್ಬರು ಮೊದಲ ದಿನ ಭರ್ಜರಿಯಾಗಿ ಬಂದರು. ದಪ್ಪ ಗ್ಲೌಸು, ತುಂಬುತೋಳಿನ ಜಾಕೆಟ್ಟು, ಕತ್ತಿಗೆ ಮಫ್ಲರು. ಅಂಕಲ್ ಒಂದೊಂದಾಗಿ ತೆಗೆಸಿದರು. ಬಟ್ಟೆ ಸಿಕ್ಕಿಕೊಂಡರೆ ಬ್ಲೇಡು ಅದರ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ, ಗ್ಲೌಸಂತೂ ಬೇಡವೇ ಬೇಡ ಎಂದರು. ಕೊನೆಗೆ ಉಳಿದದ್ದು ಟೀ ಶರ್ಟು, ಪ್ಯಾಂಟು, ಕಣ್ಣಿಗೊಂದು ಕನ್ನಡಕ. ಆತ ತಮ್ಮ ಬರಿಗೈ ನೋಡಿಕೊಂಡು, "ಸಾರ್, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರೋವಾಗ್ಲೇ ಇದಕ್ಕಿಂತ ಸೇಫಾಗಿದ್ದೆ" ಎಂದರು.

ನನ್ನ ದನಿ

ಸ್ವಿಚ್ ಹಾಕುವವರು "ಆನ್" ಎಂದು ಕೂಗಬೇಕು, ಅಕ್ಕಪಕ್ಕದವರು ಹಿಂದೆ ಸರಿಯಲಿ ಅಂತ. ನನಗೆ ಬಸ್ಸಿನಲ್ಲಿ ಸ್ಟಾಪ್ ಬಂತು ಎನ್ನಲೂ ದನಿ ಏಳುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುತ್ತೇನೆ. ಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದವಳು ಈಗ ಕನ್ನಡದಲ್ಲಿ ಪಿಸುಗುಟ್ಟುತ್ತೇನೆ, ಅಷ್ಟೇ ವ್ಯತ್ಯಾಸ. ನನ್ನ "ಆನ್" ನನಗೇ ಕೇಳಿಸಲಿಲ್ಲ. ಎಲ್ಲರಿಗೂ ಕೇಳಿಸುವ ತನಕ ಸ್ವಿಚ್ ಮುಟ್ಟುವ ಹಾಗಿಲ್ಲ ಎಂದರು ಅಂಕಲ್. ಹಲಗೆ ಹಿಡಿದು ನಿಂತೇ ಇದ್ದೆ. ಬಿಟಿಎಂನಲ್ಲಿ ರೂಮು ಮಾಡಿಕೊಂಡಿರುವ ಧಾರವಾಡದ ಗೆಳತಿಗೆ ಸಹನೆ ಮುಗಿಯಿತು. "ಆನ್ ಮಾಡಾಕತ್ತಾಳ್ರೀ, ಎಲ್ಲಾರೂ ಹಿಂದ ಸರೀರಿ" ಎಂದು ಕೂಗಿದಳು. ನಾವು ಸರಿದೆವು. ಗೇಟಿನಾಚೆ ಸೊಪ್ಪು ಮಾರುವವರೂ ತಮ್ಮ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡರು.

ಆಂಟಿಯ ಸರದಿ

ಹೋದ ಭಾನುವಾರ ಆಂಟಿಯೇ ಶೆಡ್ಡಿಗೆ ಬಂದರು. "ಒಂದ್ಸಲ ಈ ಮೆಷಿನ್ ನಾನೇ ಓಡಿಸಿ ನೋಡ್ತೀನಿ. ಎಲ್ಲಾ ನೀವು ಹೇಳೋ ಹಾಗೇ ನಡೆದ್ರೆ ಶೆಡ್ ನಿಮ್ದು. ಒಂದೇ ಒಂದು ರೂಲ್ ಸಡಿಲ ಬಿಟ್ರೂ ಇವತ್ತೇ ಖಾಲಿ ಮಾಡಿಸ್ತೀನಿ."

ಅಂಕಲ್ ಹುರುಪಿನಿಂದ ಪಾಠ ಶುರು ಮಾಡಿದರು. ಬ್ಲೇಡಿನ ಮೇಲಿನ ಗಾರ್ಡ್ ತೆಗೆಯಬಾರದು. ಹಲಗೆಯನ್ನು ಬರಿಗೈಯಿಂದ ತಳ್ಳಬಾರದು, ಹಿಡಿಕೆ ಇರುವ ಈ ಮರದ ತುಂಡಿನಿಂದ ತಳ್ಳಬೇಕು. ಆಂಟಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು, ಜಡೆಯನ್ನು ಗಂಟು ಹಾಕಿದರು. ಬಳೆ, ಉಂಗುರ, ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಸರ?" ಎಂದು ಆಂಟಿ ಕೇಳಿದರು.

"ಕತ್ತಲ್ಲಿ ನೇತಾಡೋದೆಲ್ಲ ತೆಗೀಬೇಕು" ಎಂದರು ಅಂಕಲ್, ಬಗ್ಗಿ ಗಾರ್ಡ್ ಒರೆಸುತ್ತಾ.

ಬ್ಲೌಸಿನೊಳಗೆ ಹಾಕಿಕೊಂಡರೆ ಸಾಲದೇ ಎಂದು ಗೆಳತಿ ಮೆಲ್ಲಗೆ ಕೇಳಿದಳು.

"ಒಳಗೆ ಹಾಕಿದ್ದು ಬಗ್ಗಿದಾಗ ಹೊರಗೆ ಬರತ್ತಮ್ಮ. ಯಾರಿಗಾದ್ರೂ ಅಷ್ಟೇ." ಹೀಗೆ ರೂಢಿಯ ಪಾಠ ಒಪ್ಪಿಸಿ ಅಂಕಲ್ ತಲೆ ಎತ್ತಿದರು. ಆಂಟಿಯ ಬೆರಳು ತಾಳಿಯ ಮೇಲಿತ್ತು.

ಬ್ಲೇಡಿಗೆ ಅದು ಬರೀ ಸರ. ಅಲ್ಲಿ ನಿಂತ ನಮಗೆ ಯಾರಿಗೂ ಅಲ್ಲ. ತೆಗೆಸಿದರೆ ಹೆಂಡತಿಯ ತಾಳಿ ತೆಗೆಸಿದ ಗಂಡ. ಬಿಟ್ಟರೆ ರೂಲ್ ಸಡಿಲವಾಯಿತು, ಶೆಡ್ ಹೋಯಿತು. ಅಂಕಲ್ ಒರೆಸಿದ ಗಾರ್ಡನ್ನೇ ಮತ್ತೆ ಒರೆಸತೊಡಗಿದರು.

ಆಂಟಿ ನಿಧಾನವಾಗಿ ಅವರಿಗೆ ಬೆನ್ನು ತಿರುಗಿಸಿ, ಕತ್ತು ಬಗ್ಗಿಸಿ ನಿಂತರು.

"ಕಟ್ಟಿದೋರು ನೀವೇ ಅಲ್ವಾ? ಬನ್ನಿ, ನೀವೇ ಬಿಚ್ಚಿಕೊಡಿ."